ತರಕಾರಿ ಪಾತಿಗೆ ಎಸ್‌ಟಿಪಿ ನೀರು: ಎಲ್ಲರೂ ಓದಿ

ಬಳಗದ ಎಲ್ಲರಿಗೂ ನಮಸ್ಕಾರ. ಸೊಸೈಟಿಯ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ನೀರನ್ನು ನಮ್ಮ ತರಕಾರಿ ಪಾತಿಗೆ ಬಿಡಬಹುದಾ ಅಂತ ಕೇಳಿದ್ದೀರಿ. ಬಿಡಬಹುದು, ಆದರೆ ಎಲ್ಲದಕ್ಕೂ ಅಲ್ಲ.

ಈ ನೀರಿನಲ್ಲಿ ಸಾರಜನಕ, ರಂಜಕ ಇರುತ್ತದೆ, ಹಾಗಾಗಿ ಗೊಬ್ಬರ ಕಡಿಮೆ ಸಾಕು. ಸಾರಜನಕ ಜಾಸ್ತಿಯಾದರೆ ಟೊಮೆಟೊ ಬರೀ ಎಲೆ ಬಿಡುತ್ತದೆ. ಉಪ್ಪಿನಂಶವೂ ಇದೆ. ನಿನ್ನೆ ಬೀನ್ಸ್ ಎಲೆ ನೋಡಿದೆ, ಅಂಚು ಸುಟ್ಟ ಹಾಗೆ ಕಂದಾಗಿತ್ತು, ಮಣ್ಣಿನ ಮೇಲೆ ಬಿಳಿ ಪುಡಿ. ಪುಣೆಯ ಮಳೆಗೆ ಈ ಉಪ್ಪು ತೊಳೆದುಹೋಗುತ್ತದೆ. ಬೇಸಿಗೆಯಲ್ಲಿ ಆಗಾಗ ಸಾದಾ ನೀರು ಚೆನ್ನಾಗಿ ಹಾಯಿಸೋಣ.

ನನಗೆ ಹೆಚ್ಚು ಚಿಂತೆ ರೋಗಾಣು ಮತ್ತು ಜಂತುಹುಳದ ಮೊಟ್ಟೆಗಳದ್ದು. ಕ್ಲೋರಿನ್ ಹಾಕಿದರೂ ಈ ಮೊಟ್ಟೆಗಳು ಸುಲಭಕ್ಕೆ ಸಾಯುವುದಿಲ್ಲ. ಲೀಟರಿಗೆ ಒಂದಕ್ಕಿಂತ ಹೆಚ್ಚಿರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೇಳಿದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆಗೆ ಈ ನೀರು ಬೇಡವೇ ಬೇಡ. ಕೋಸಂಬರಿಗೆ ಹಾಕುವುದು ಅದನ್ನೇ ಅಲ್ವಾ? ಬದನೆ, ಬೆಂಡೆಗೆ ಬುಡಕ್ಕೆ ಮಾತ್ರ ಬಿಡಿ, ಪೈಪಿನಿಂದ ಎಲೆ ಮೇಲೆ ಚಿಮ್ಮಿಸಬೇಡಿ. ಕೊಯ್ಯುವ ನಾಲ್ಕೈದು ದಿನ ಮೊದಲೇ ನಿಲ್ಲಿಸಿ. ಮಕ್ಕಳನ್ನು ಬರಿಗಾಲಲ್ಲಿ ಪಾತಿಗೆ ಇಳಿಸಬೇಡಿ.

ಮಾಲಿ ಕಾಕಾ ಅವರಿಗೆ ಮರಾಠಿಯಲ್ಲಿ ಎಲ್ಲ ತಿಳಿಸಿದ್ದೇನೆ. ಕೊತ್ತಂಬರಿ ಪಾತಿಗೆ ಬೇರೆ ನಲ್ಲಿ ಹಾಕಿಸಲು ಭಾನುವಾರ ಬೆಳಿಗ್ಗೆ ಯಾರು ಬರುತ್ತೀರಿ, ಹೇಳಿ.