ಕರೆಂಟ್ ಅಕೌಂಟ್ ಮೈನಸ್‌ಗೆ ಇಳಿಯುವ ಮೊದಲು ನಮಗೊಂದು ಮಾತು ತಿಳಿಸಲಿ: ಕಾಸರಗೋಡಿನ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಗೊಬ್ಬರ, ಮೈಲುತುತ್ತಿನ ಅಂಗಡಿ. ಈ ಪತ್ರದ ಮಲಯಾಳ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯೇ ಕಳುಹಿಸಿದ್ದೇನೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದು ನನ್ನಂಥ ಅಂಗಡಿಯವರು ಓದಲಿ, ತಮ್ಮ ಬ್ಯಾಂಕ್ ಸ್ಟೇಟ್‌ಮೆಂಟನ್ನು ಒಮ್ಮೆ ತೆಗೆದು ನೋಡಲಿ ಎಂದು.

ಸೇವಿಂಗ್ಸ್ ಖಾತೆಯವರಿಗೆ ರಿಸರ್ವ್ ಬ್ಯಾಂಕ್ ಕೊಟ್ಟಿರುವ ರಕ್ಷಣೆಯನ್ನು ಸಣ್ಣ ವ್ಯಾಪಾರಿಗಳ ಕರೆಂಟ್ ಅಕೌಂಟಿಗೂ ಕೊಡಿಸಿ ಎಂದು ಕೇಳಲು ಬರೆಯುತ್ತಿದ್ದೇನೆ. ಆ ರಕ್ಷಣೆ ಹೊಸದೇನಲ್ಲ. 2014ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು, 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮಿನಿಮಮ್ ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕ್ ಮೊದಲು ಗ್ರಾಹಕರಿಗೆ ತಿಳಿಸಬೇಕು. ಸರಿಪಡಿಸಿಕೊಳ್ಳಲು ಒಂದು ತಿಂಗಳು ಕೊಡಬೇಕು. ಎಷ್ಟು ಕಡಿಮೆ ಇದೆಯೋ ಅದಕ್ಕೆ ತಕ್ಕಷ್ಟೇ ದಂಡ ಹಾಕಬೇಕು. ಬರೀ ಆ ದಂಡದಿಂದಾಗಿ ಖಾತೆ ಮೈನಸ್‌ಗೆ ಹೋಗಬಾರದು. ಎಷ್ಟು ನ್ಯಾಯವಾದ ಮಾತು ಅಲ್ವಾ? ಆದರೆ ಇದು ಸೇವಿಂಗ್ಸ್ ಖಾತೆಗೆ ಮಾತ್ರ. 2020ರಲ್ಲಿ ಸ್ಟೇಟ್ ಬ್ಯಾಂಕ್, 2025ರಲ್ಲಿ ಇನ್ನೂ ಕೆಲವು ಸರ್ಕಾರಿ ಬ್ಯಾಂಕ್‌ಗಳು ಸೇವಿಂಗ್ಸ್ ಖಾತೆಯ ಆ ದಂಡವನ್ನೇ ಕೈಬಿಟ್ಟವು. ಅಂಗಡಿ ನಡೆಸುವವನು ಸೇವಿಂಗ್ಸ್ ಖಾತೆಯಲ್ಲಿ ವ್ಯಾಪಾರ ಮಾಡುವ ಹಾಗಿಲ್ಲ, ಕರೆಂಟ್ ಅಕೌಂಟೇ ಬೇಕು. ಅಲ್ಲಿ ಈ ಯಾವ ಮಾತೂ ನಡೆಯುವುದಿಲ್ಲ.

ನಮ್ಮ ವ್ಯಾಪಾರ ಮಳೆಯನ್ನು ನಂಬಿದ್ದು. ಮೇ ಕೊನೆಗೆ ಎಲ್ಲರಿಗೂ ಒಟ್ಟಿಗೇ ಮೈಲುತುತ್ತು, ಸುಣ್ಣ ಬೇಕು. ಕೊಳೆರೋಗ ಬರುವ ಮೊದಲು ಅಡಿಕೆಗೆ ಮದ್ದು ಬಿಡಲೇಬೇಕು, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಮ್ಮೆ. ಆ ಹೊತ್ತಿಗೆ ಕೃಷಿಕರ ಕೈಯಲ್ಲಿ ದುಡ್ಡು ಓಡಾಡುವುದಿಲ್ಲ. "ಅಡಿಕೆ ಕೊಟ್ಟ ಮೇಲೆ ಕೊಡ್ತೇನೆ, ಬರೆದಿಡಿ" ಅಂತಾರೆ. ನಾವೂ ಬರೆದಿಡುತ್ತೇವೆ. ಕೊಡುವುದಿಲ್ಲ ಅಂದರೆ ಅವರ ಫಸಲು ಹೋಗುತ್ತದೆ, ಹಿಂದೆಯೇ ನಮ್ಮ ವ್ಯಾಪಾರವೂ ಹೋಗುತ್ತದೆ. ಮಂಗಳೂರಿನ ಹೋಲ್‌ಸೇಲಿನವರು ಮಾತ್ರ ಹೀಗೆ ಕಾಯುವುದಿಲ್ಲ. ಅವರಿಗೆ ಕೊಟ್ಟ ಚೆಕ್ ತಾರೀಕಿಗೆ ಸರಿಯಾಗಿ ಬ್ಯಾಂಕಿಗೆ ಬರುತ್ತದೆ. ಹಾಗಾಗಿ ಜೂನ್, ಜುಲೈಯಲ್ಲಿ ನಮ್ಮ ಖಾತೆ ತಳ ಕಾಣುತ್ತದೆ. ಪ್ರತಿ ವರ್ಷವೂ ಹೀಗೆಯೇ. ನಮ್ಮ ಶಾಖೆಯ ಕಂಪ್ಯೂಟರಿನಲ್ಲೇ ಇದೆಲ್ಲ ಕಾಣುತ್ತದೆ.

ಕಳೆದ ಮಳೆಗಾಲದ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಜುಲೈ ಮೊದಲ ವಾರದಲ್ಲಿ ಒಂದು ಸಾಲು: 'ಕ್ಯೂಎಬಿ ಚಾರ್ಜಸ್'. ಮೂರು ತಿಂಗಳ ಸರಾಸರಿ ಬ್ಯಾಲೆನ್ಸ್ ಕಡಿಮೆಯಾಯಿತು ಎಂದು ಹಾಕಿದ ದಂಡ ಅದು. ಅದರ ಮೇಲೆ ಶೇ. 18 ಜಿಎಸ್‌ಟಿ. ಅಷ್ಟು ಕಳೆದ ಮೇಲೆ ಟೆಂಪೋ ಸಾಲದ ಕಂತಿಗೆ 41 ರೂಪಾಯಿ ಕಡಿಮೆ ಬಿತ್ತು. ಕಂತು ವಾಪಸ್ಸಾಯಿತು. ಅದಕ್ಕೊಂದು ರಿಟರ್ನ್ ಚಾರ್ಜ್, ಮತ್ತೆ ಜಿಎಸ್‌ಟಿ. ಟೆಂಪೋಗೆ ಸಾಲ ಕೊಟ್ಟ ಫೈನಾನ್ಸ್‌ನವರು ತಮ್ಮ ಕಡೆಯಿಂದ ಬೌನ್ಸ್ ಚಾರ್ಜ್ ಹಾಕಿದರು. ಅಷ್ಟರಲ್ಲಿ ಹೋಲ್‌ಸೇಲಿನ ಒಂದು ಸಣ್ಣ ಚೆಕ್ ಬಂತು. ಅದನ್ನು ಬ್ಯಾಂಕ್ ಪಾಸ್ ಮಾಡಿತು, ಅದಕ್ಕೆ ನಾನು ಋಣಿ. ಆದರೆ ನನ್ನನ್ನು ಕೇಳದೆಯೇ ಅದನ್ನು ತಾತ್ಕಾಲಿಕ ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಕೊಟ್ಟ ಸಾಲ, ಎಂದು ಬರೆದು, ಬಡ್ಡಿಯ ಜೊತೆಗೆ ಬೇರೊಂದು ಚಾರ್ಜನ್ನೂ ಹಾಕಿತು. ಖಾತೆ ಮೈನಸ್ ಆಯಿತು. ಮೆಸೇಜ್ ಬಂದದ್ದು ಎಲ್ಲ ಕಡಿತ ಆದ ಮೇಲೆ, ಅದೂ ಇಂಗ್ಲಿಷಿನಲ್ಲಿ. ಒಂದು ದಿನ ಮೊದಲು ಬಂದಿದ್ದರೆ ಪಕ್ಕದ ಅಂಗಡಿಯಿಂದ ಐನೂರು ರೂಪಾಯಿ ಕೈಸಾಲ ತಂದು ಕಟ್ಟಿಬಿಡುತ್ತಿದ್ದೆ.

ಇದು ನನ್ನೊಬ್ಬನ ಗೋಳಲ್ಲ. ನಮ್ಮ ಹತ್ತಿರದ ಕುಟುಂಬಶ್ರೀ ಮಹಿಳಾ ಸಂಘದ ಹೋಟೆಲಿನ ಅಕ್ಕಂದಿರಿಗೂ ಹೀಗೇ ಆಗಿದೆ. ಊಟಕ್ಕೆ ಇಷ್ಟು, ಚಹಾಕ್ಕೆ ಇಷ್ಟು ಎಂದು ಚಿಲ್ಲರೆ ಲೆಕ್ಕದಲ್ಲಿ ಬದುಕುವವರ ಖಾತೆಯಿಂದ ಹೇಳದೆ ಕೇಳದೆ ದುಡ್ಡು ತೆಗೆದರೆ ಮಾರನೆಯ ದಿನ ಅಕ್ಕಿ ತರುವುದು ಹೇಗೆ?

ದೂರು ಕೊಡಬಹುದಲ್ಲ ಎಂದು ನೀವು ಕೇಳಬಹುದು. ಕೊಟ್ಟೆ. ಬ್ಯಾಂಕ್ 30 ದಿನದೊಳಗೆ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿಯಿಲ್ಲದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಓಂಬುಡ್ಸ್‌ಮನ್‌ಗೆ ದೂರಬಹುದು. 2021ರ ನವೆಂಬರ್‌ನಿಂದ ಇಡೀ ದೇಶಕ್ಕೆ ಒಂದೇ ವ್ಯವಸ್ಥೆ, ಶುಲ್ಕವೂ ಇಲ್ಲ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಓದುತ್ತಿರುವ ವ್ಯಾಪಾರಿಗಳು ಈ ನಂಬರ್ ಬರೆದಿಟ್ಟುಕೊಳ್ಳಿ. ತಪ್ಪಾಗಿ ಕಡಿತ ಮಾಡಿದ್ದರೆ ಅಲ್ಲಿ ದಾರಿ ಇದೆ. ಆದರೆ ಬ್ಯಾಂಕಿನ ವ್ಯಾಪಾರದ ತೀರ್ಮಾನಗಳನ್ನು ಓಂಬುಡ್ಸ್‌ಮನ್ ಪ್ರಶ್ನಿಸುವ ಹಾಗಿಲ್ಲ. ಕರೆಂಟ್ ಅಕೌಂಟಿನ ಚಾರ್ಜ್ ಎಷ್ಟು ಎಂದು ಗೊತ್ತುಮಾಡುವುದು ಆಯಾ ಬ್ಯಾಂಕಿನ ಆಡಳಿತ ಮಂಡಳಿ. "ಚಾರ್ಜ್ ಪಟ್ಟಿಯಲ್ಲಿ ಇದ್ದಷ್ಟೇ ತೆಗೆದಿದ್ದೇವೆ" ಎಂದು ಬ್ಯಾಂಕ್ ಹೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಪಟ್ಟಿಯೇ ಅನ್ಯಾಯ ಎನ್ನುವವನು ನಿಮ್ಮ ಬಾಗಿಲಿಗೇ ಬರಬೇಕು.

ಬೇರೆ ಬ್ಯಾಂಕಿಗೆ ಹೋಗು ಎನ್ನುವುದು ಸುಲಭ. ಹೋಗುತ್ತಿದ್ದೇನೆ ಕೂಡ. ಆದರೆ ಈ ಕೆಲಸ ಎಷ್ಟು ಕಡೆ ಹರಡಿದೆ ನೋಡಿ. ಜಿಎಸ್‌ಟಿ ಪೋರ್ಟಲಿನಲ್ಲಿ ಖಾತೆ ಬದಲಿಸಬೇಕು. ಟೆಂಪೋ ಕಂತನ್ನು ಖಾತೆಯಿಂದ ತಾನಾಗಿ ಕಡಿಯಲು ಕೊಡುವ ಒಪ್ಪಿಗೆ ಪತ್ರ, ಅಂದರೆ ಮ್ಯಾಂಡೇಟ್, ಹೊಸದಾಗಿ ಬರೆದುಕೊಡಬೇಕು. ಮುಂದಿನ ತಾರೀಕು ಹಾಕಿ ಕೊಟ್ಟ ಚೆಕ್‌ಗಳನ್ನು ಮಂಗಳೂರಿನಿಂದ ವಾಪಸ್ ತರಬೇಕು. ಗಲ್ಲಾಪೆಟ್ಟಿಗೆಯ ಮೇಲಿನ ಕ್ಯೂಆರ್ ಸ್ಟಿಕ್ಕರ್ ಕಿತ್ತು ಬೇರೆ ಅಂಟಿಸಬೇಕು. ಹಳೆಯ ಖಾತೆ ನಂಬರನ್ನು ಫೋನಿನಲ್ಲಿ ಇಟ್ಟುಕೊಂಡಿರುವ ಕೃಷಿಕರಿಗೆಲ್ಲ ಹೇಳಬೇಕು. ಇದರಲ್ಲಿ ಒಂದು ತಪ್ಪಿದರೂ ಇನ್ನೊಂದು ಬೌನ್ಸ್, ಇನ್ನೊಂದು ಚಾರ್ಜ್. ಅದಕ್ಕೇ ಜನ ಬೈದುಕೊಂಡಾದರೂ ಅಲ್ಲೇ ಉಳಿಯುತ್ತಾರೆ.

ಬ್ಯಾಂಕ್‌ಗಳಿಗೆ ಖಾತೆ ಸಾಗಿಸಲು ಬರುವುದಿಲ್ಲ ಎಂದಲ್ಲ. ನಮ್ಮ ಕರಾವಳಿಯಲ್ಲೇ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕ್‌ಗಳಲ್ಲಿ ಸೇರಿಹೋದವು. ಹಣ ಯಾವ ಶಾಖೆಗೆ ಹೋಗಬೇಕೆಂದು ತಿಳಿಸುವ ಐಎಫ್‌ಎಸ್‌ಸಿ ಕೋಡ್ ಇದೆಯಲ್ಲ, ಸಿಂಡಿಕೇಟ್‌ನ ಆ ಹಳೆಯ ಕೋಡ್ 2021ರ ಜೂನ್ ಕೊನೆಯವರೆಗೂ ನಡೆಯಿತು. ವರ್ಷಕ್ಕೂ ಜಾಸ್ತಿ ಕಾಲ ಹಳೆಯ ಕೋಡಿಗೆ ಕಳುಹಿಸಿದ ದುಡ್ಡು ಸರಿಯಾದ ಕಡೆಗೇ ಹೋಯಿತು. ಬ್ಯಾಂಕ್‌ಗಳು ಒಂದಾಗುವಾಗ ಮಾಡಿದ್ದನ್ನು ಗ್ರಾಹಕ ಕೇಳಿದಾಗ ಯಾಕೆ ಮಾಡಬಾರದು? ಬ್ರಿಟನ್ನಿನಲ್ಲಿ 2013ರ ಸೆಪ್ಟೆಂಬರ್‌ನಿಂದ ಇಂಥ ವ್ಯವಸ್ಥೆ ಇದೆ. ಏಳು ಕೆಲಸದ ದಿನಗಳಲ್ಲಿ ಖಾತೆ ಬದಲಾಗುತ್ತದೆ, ಕಂತುಗಳೂ ಜೊತೆಗೇ ಹೋಗುತ್ತವೆ, ಹಳೆಯ ಖಾತೆಗೆ ಬಂದ ಹಣ ತಾನಾಗಿ ಹೊಸದಕ್ಕೆ ತಿರುಗುತ್ತದೆ. ಸಣ್ಣ ವ್ಯಾಪಾರಿಗಳಿಗೂ ಅದು ಸಿಗುತ್ತದೆ. ಯುಪಿಐ ಕಟ್ಟಿದ ದೇಶಕ್ಕೆ ಇದು ಕಷ್ಟದ ಕೆಲಸವಲ್ಲ. ಸಂಸತ್ತಿನಲ್ಲಿ ನೀವು ಈ ಪ್ರಶ್ನೆ ಕೇಳಬೇಕು.

ಭಾಷೆಯ ಮಾತು ಹೇಳದೆ ಬಿಡುವ ಹಾಗಿಲ್ಲ. ಶಾಖೆಯ ಫಲಕ, ಪುಸ್ತಿಕೆಗಳು ಹಿಂದಿ, ಇಂಗ್ಲಿಷ್ ಮತ್ತು ಆಯಾ ಪ್ರದೇಶದ ಭಾಷೆಯಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕ್ ಹೇಳುತ್ತದೆ. ಕನ್ನಡಿಗರು ತಮ್ಮ ಭಾಷೆಯಲ್ಲೇ ಸರ್ಕಾರಿ ಕಚೇರಿಗಳಿಗೆ ಬರೆಯಬಹುದು ಎಂದು ಕೇರಳದ 1969ರ ಆಡಳಿತ ಭಾಷಾ ಕಾನೂನು ಒಪ್ಪಿದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಬ್ಯಾಂಕ್ ಶಾಖೆಗಳಲ್ಲಿ ಚಾರ್ಜ್ ಪಟ್ಟಿ ಕನ್ನಡದಲ್ಲೂ ಇರಲಿ, ಬ್ಯಾಲೆನ್ಸ್ ಇಳಿಯುವ ಮುನ್ನ ಬರುವ ಮೆಸೇಜ್ ಕನ್ನಡದಲ್ಲೂ ಸಿಗಲಿ.

ಮೂರು ತಿಂಗಳಿಗೊಮ್ಮೆ ಜಿಲ್ಲಾ ಮಟ್ಟದ ಬ್ಯಾಂಕರ್‌ಗಳ ಪರಿಶೀಲನಾ ಸಭೆ ನಡೆಯುತ್ತದೆ. ಕಲೆಕ್ಟರ್ ಅಧ್ಯಕ್ಷತೆ, ಎಲ್ಲ ಬ್ಯಾಂಕ್‌ಗಳ ಪ್ರತಿನಿಧಿಗಳು, ಸಂಸದರಾದ ನಿಮಗೂ ಕರೆ ಇರುತ್ತದೆ. ದಂಡ ಹಾಕುವ ಮೊದಲು ಎಚ್ಚರಿಕೆಯ ಮೆಸೇಜ್, ಶಾಖೆಯಲ್ಲಿ ಕನ್ನಡದ ಪಟ್ಟಿ, ಇವೆರಡಕ್ಕೆ ದೆಹಲಿಯ ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಮುಂದಿನ ಸಭೆಯಲ್ಲೇ ಇವನ್ನು ಎತ್ತಿ. ಸಭೆಯ ತಾರೀಕು ಮೊದಲೇ ತಿಳಿಸಿದರೆ ನಾವು ಕೆಲವು ವ್ಯಾಪಾರಿಗಳು ನಮ್ಮ ಸ್ಟೇಟ್‌ಮೆಂಟ್‌ಗಳ ಪ್ರತಿಯನ್ನು ನಿಮ್ಮ ಕಚೇರಿಗೆ ತಲುಪಿಸುತ್ತೇವೆ.

ವಿಶ್ವಾಸದಿಂದ,
ಬದಿಯಡ್ಕದ ಒಬ್ಬ ಗೊಬ್ಬರದ ಅಂಗಡಿಯವ