ಮಗಳಿಗೊಂದು ಪತ್ರ: ರಾಜೀನಾಮೆ ಬರೆಯುವ ಮುಂಚೆ

ಅಡಿಸ್ ಅಬಾಬ, ಇಥಿಯೋಪಿಯಾ

ಪುಟ್ಟಿ,

ಹೋದ ಭಾನುವಾರ ಫೋನಿನಲ್ಲಿ ನೀನೊಂದು ಮಾತು ಕೇಳಿದೆ. "ಅಮ್ಮ, ಕೆಲಸ ಬಿಟ್ಟಿದ್ದಕ್ಕೆ ನಿನಗೆ ಯಾವತ್ತಾದರೂ ಬೇಜಾರಾಗಿದೆಯಾ?" ಅಂತ. ಒಲೆ ಮೇಲೆ ಹಾಲಿದೆ ಅಂತ ಹೇಳಿ ನಾನು ಫೋನ್ ಇಟ್ಟುಬಿಟ್ಟೆ. ಒಲೆ ಮೇಲೆ ಏನೂ ಇರಲಿಲ್ಲ. ಉತ್ತರ ಗೊತ್ತಿತ್ತು, ಆದರೆ ನಿಮ್ಮಪ್ಪ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದರು, ಬಾಯಿ ಬರಲಿಲ್ಲ. ಈಗ ಅವರು ಆಫೀಸಿಗೆ ಹೋಗಿದ್ದಾರೆ. ಬರೆಯುತ್ತಿದ್ದೇನೆ. ಅವರಿಗೂ ಓದಿಸಿಯೇ ಕಳಿಸುತ್ತೇನೆ.

ಬೇಜಾರಾಗಿದೆ ಕಂದ. ದಿನಾ ಅಲ್ಲ, ಆದರೆ ಆಗಿದೆ.

ಹಾಸನದ ಕಾಲೇಜಿನಲ್ಲಿ ನಾನು ಆರು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದೆ. ನಿಮ್ಮಪ್ಪನಿಗೆ ವಿದೇಶದ ರಾಯಭಾರ ಕಚೇರಿಗೆ ಮೊದಲ ಪೋಸ್ಟಿಂಗ್ ಬಂದಾಗ ನೀನು ಹೊಟ್ಟೆಯಲ್ಲಿದ್ದೆ. ಕೆಲಸ ಬಿಡು ಅಂತ ಯಾರೂ ಹೇಳಲಿಲ್ಲ. ಬಿಡಬೇಡ ಅಂತಲೂ ಯಾರೂ ಹೇಳಲಿಲ್ಲ. ಮನೆಯಲ್ಲಿ ಎಲ್ಲರೂ ಸೂಟ್‌ಕೇಸ್ ಎಷ್ಟು ಕೆಜಿ, ಉಪ್ಪಿನಕಾಯಿ ಜಾಡಿ ಹೇಗೆ ಪ್ಯಾಕ್ ಮಾಡೋದು ಅನ್ನೋ ಗಡಿಬಿಡಿಯಲ್ಲಿದ್ದರು. ನಾನು ಒಂದು ಸಾಯಂಕಾಲ ಕೂತು ನಾಲ್ಕು ಸಾಲಿನ ರಾಜೀನಾಮೆ ಬರೆದು ಪ್ರಿನ್ಸಿಪಾಲರಿಗೆ ಕೊಟ್ಟು ಬಂದೆ. ಸಂಬಳವಿಲ್ಲದ ರಜೆ ಸಿಗುತ್ತಾ ಅಂತ ಕೇಳಬಹುದಿತ್ತು. ಕೇಳಲೇ ಇಲ್ಲ. ಇಪ್ಪತ್ತೈದು ವರ್ಷದ ಮೇಲೂ ನನಗೆ ಚುಚ್ಚುವುದು ಅದೇ. ಬಿಟ್ಟಿದ್ದಲ್ಲ, ಕೇಳದೇ ಬಿಟ್ಟಿದ್ದು.

ಈಗ ನೀನು ಅದೇ ಜಾಗದಲ್ಲಿ ನಿಂತಿದ್ದೀಯ. ನೀನು ಮದುವೆಯಾಗೋ ಹುಡುಗ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ದೆಹಲಿಯ ಟ್ರೇನಿಂಗ್ ಮುಗಿಸಿ ರಾಯಭಾರ ಕಚೇರಿಯ ಥರ್ಡ್ ಸೆಕ್ರೆಟರಿ ಆಗಿ ಅರಬ್ಬಿ ಕಲಿಯೋಕೆ ಕೈರೋಗೆ ಹೋಗುತ್ತಿದ್ದಾನೆ. ನೀನು ಮೈಸೂರಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೆಲಸ ಬಿಡ್ತೀನಿ ಅಂತ ಆಗಲೇ ತೀರ್ಮಾನ ಮಾಡಿರುವ ಹಾಗಿದೆ. "ಹೇಗೂ ಅಲ್ಲಿ ಕೆಲಸ ಮಾಡೋಕೆ ಬಿಡಲ್ಲ ಅಲ್ವಾ ಅಮ್ಮ?" ಅಂದೆ. ಯಾರು ಹೇಳಿದರು ನಿನಗೆ?

ನಿಯಮ ಏನಿದೆ ಅಂತ ಸ್ವಲ್ಪ ತಿಳ್ಕೋ. 1961ರ ವಿಯೆನ್ನಾ ಒಪ್ಪಂದದ ಪ್ರಕಾರ ರಾಯಭಾರ ಕಚೇರಿಯ ಅಧಿಕಾರಿ ತಾನಿರುವ ದೇಶದಲ್ಲಿ ಸ್ವಂತ ಲಾಭಕ್ಕೆ ಬೇರೆ ವೃತ್ತಿ ಮಾಡುವ ಹಾಗಿಲ್ಲ. ಅದು ಅಧಿಕಾರಿಗೆ. ಹೆಂಡತಿಯೋ ಗಂಡನೋ ಕೆಲಸ ಮಾಡಬೇಕು ಅಂದರೆ ಅನುಮತಿ ಬೇಕು. ಕೆಲವು ದೇಶಗಳ ಜೊತೆ ನಮ್ಮ ಸರ್ಕಾರ ಅದಕ್ಕೆಂದೇ ಒಪ್ಪಂದ ಮಾಡಿಕೊಂಡಿದೆ, ಅಲ್ಲಿ ದಾರಿ ಸುಲಭ. ಉಳಿದ ಕಡೆ ಕಷ್ಟ. ಹಾಗಾಗಿ ಕೈರೋ ವಿಷಯ ಏನು ಅಂತ ಹುಡುಗನ ಕೈಲಿ ಬರಹದಲ್ಲಿ ಕೇಳಿಸು. ಊರಿನ ಪೇಷೆಂಟುಗಳಿಗೆ ಲ್ಯಾಪ್‌ಟಾಪಿನಲ್ಲೇ ವ್ಯಾಯಾಮ ಹೇಳಿಕೊಡ್ತೀನಿ ಅಂದೆಯಲ್ಲ, ಅದನ್ನೂ ಕೇಳಿಸು. ಇಲ್ಲ ಅಂತ ಬಂದರೆ ಬರಲಿ, ಕಾಗದದಲ್ಲಿ ಬರಲಿ.

ನಮ್ಮ ಕೊಡಗಿನ ಮುತ್ತಮ್ಮನವರ ಕಥೆ ನಿನಗೆ ಗೊತ್ತಿರಬೇಕು. ಸಿ.ಬಿ. ಮುತ್ತಮ್ಮ, ವಿರಾಜಪೇಟೆಯವರು. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಂಗಸು. ಸೇರುವಾಗ ಅವರ ಕೈಲಿ ಬರೆಸಿಕೊಂಡರಂತೆ, ಮದುವೆಯಾದರೆ ಕೆಲಸ ಬಿಡ್ತೀನಿ ಅಂತ. ಹೆಂಗಸರು ಮದುವೆಗೆ ಮುಂಚೆ ಸರ್ಕಾರದ ಒಪ್ಪಿಗೆ ತಗೋಬೇಕು ಅಂತ ನಿಯಮವೇ ಇತ್ತು, ಗಂಡಸರಿಗೆ ಅದಿರಲಿಲ್ಲ. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ಜಸ್ಟಿಸ್ ಕೃಷ್ಣ ಅಯ್ಯರ್ ಆ ನಿಯಮಗಳನ್ನು ನೇರವಾಗಿ ತರಾಟೆಗೆ ತೆಗೆದುಕೊಂಡರು. ಮುತ್ತಮ್ಮ ಹಂಗೇರಿಯಲ್ಲಿ, ಘಾನಾದಲ್ಲಿ, ನೆದರ್ಲೆಂಡ್ಸ್‌ನಲ್ಲಿ ರಾಯಭಾರಿಯಾಗಿದ್ದವರು. ಅವರು ಅಧಿಕಾರಿ, ನಾವು ಅಧಿಕಾರಿಗಳ ಮನೆಯವರು, ಎರಡೂ ಒಂದೇ ಅಂತ ಹೇಳುತ್ತಿಲ್ಲ. ಆದರೆ ಕೇಳುವುದಕ್ಕೆ ಹೆದರಬಾರದು ಅನ್ನಿಸಿದಾಗೆಲ್ಲ ನನಗೆ ಅವರ ನೆನಪಾಗುತ್ತೆ, ನೆನಪಾಗಿ ನನ್ನ ಮೇಲೇ ಸಿಟ್ಟು ಬರುತ್ತೆ.

ಇನ್ನು ಈ ಬದುಕು ಹೇಗಿರುತ್ತೆ ಅನ್ನೋದು. ನೀನು ಅದರಲ್ಲೇ ಬೆಳೆದವಳು. ಆದರೂ ಮಗುವಾಗಿ ನೋಡಿದ್ದಕ್ಕೂ ಮನೆ ನಡೆಸುವುದಕ್ಕೂ ವ್ಯತ್ಯಾಸ ಇದೆ. ಮೂರು ವರ್ಷಕ್ಕೊಮ್ಮೆ, ಕಷ್ಟದ ಊರಾದರೆ ಎರಡು ವರ್ಷಕ್ಕೇ ಗಂಟುಮೂಟೆ ಕಟ್ಟಬೇಕು. ಇಥಿಯೋಪಿಯಾಗೆ ಸಮುದ್ರ ಇಲ್ಲ, ನಮ್ಮ ಸಾಮಾನು ಜಿಬೂತಿ ಬಂದರಿಗೆ ಬಂದು ಅಲ್ಲಿಂದ ರಸ್ತೆಯಲ್ಲಿ ಬರಬೇಕು. ಅದು ಬರುವವರೆಗೆ ಎರಡು ತಟ್ಟೆ, ಒಂದು ಕುಕ್ಕರ್, ಒಂದು ಚಾಪೆಯಲ್ಲಿ ಸಂಸಾರ. ಊರು ಸುಮಾರು 2,350 ಮೀಟರ್ ಎತ್ತರದಲ್ಲಿದೆ. ನೀರು 92 ಡಿಗ್ರಿ ಹತ್ತಿರವೇ ಕುದಿದುಬಿಡುತ್ತೆ, ಹಾಗಾಗಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯೋದೇ ಇಲ್ಲ. ರಾತ್ರಿ ಚಳಿಗೆ ದೋಸೆ ಹಿಟ್ಟು ಉಬ್ಬಲ್ಲ, ಕಂಬಳಿ ಸುತ್ತಿ ಇಡುತ್ತೇನೆ. ಗಂಟೆ ಲೆಕ್ಕವೂ ಬೇರೆ. ಇಲ್ಲಿಯವರಿಗೆ ದಿನ ಶುರುವಾಗೋದು ಬೆಳಗ್ಗೆ ಆರಕ್ಕೆ, ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಬಂದ ಹೊಸದರಲ್ಲಿ ನಲ್ಲಿ ರಿಪೇರಿಯವರು ಮೂರು ಗಂಟೆಗೆ ಬರ್ತೀನಿ ಅಂದಿದ್ದರು. ಬೆಳಗ್ಗೆ ಒಂಬತ್ತಕ್ಕೇ ಬಂದು, ಬೀಗ ನೋಡಿ ವಾಪಸ್ ಹೋಗಿದ್ದರು. ತಪ್ಪು ಅವರದ್ದಲ್ಲ.

ಆಗಸ್ಟ್ 15ಕ್ಕೆ ಎಂಬೆಸಿಯಲ್ಲಿ ಧ್ವಜ, ರಾಷ್ಟ್ರಪತಿಗಳ ಭಾಷಣ ಓದೋದು, ಆಮೇಲೆ ತಿಂಡಿ. ಜನವರಿ 26ಕ್ಕೆ ದೊಡ್ಡ ರಿಸೆಪ್ಷನ್. ರೇಷ್ಮೆ ಸೀರೆ ಉಟ್ಟು ಎರಡು ಮೂರು ಗಂಟೆ ನಿಂತೇ ಇರಬೇಕು. "ನೀವೇನು ಮಾಡ್ತೀರಿ?" ಅಂತ ಯಾರಾದರೂ ಕೇಳುತ್ತಾರೆ, ನಾನು ಉತ್ತರ ಹೇಳುವ ಮುಂಚೆ ಅವರ ಕಣ್ಣು ನನ್ನ ಹೆಗಲಿನ ಆಚೆ ಯಾರನ್ನೋ ಹುಡುಕುತ್ತಿರುತ್ತೆ. ಇಲ್ಲಿನವರು ಕೊಟ್ಟಿರುವ ಗುರುತಿನ ಚೀಟಿಯಲ್ಲೂ ನನ್ನ ಹೆಸರಿನ ಕೆಳಗೆ ಇರೋದು "ಸ್ಪೌಸ್" ಅಂತ. ಅದು ಸುಳ್ಳಲ್ಲ. ಆದರೆ ಅದೊಂದೇ ನಿಜವೂ ಅಲ್ಲ.

ಈಗ ಒಂದು ಒಳ್ಳೆ ಸುದ್ದಿ ಹೇಳ್ತೀನಿ, ಇದನ್ನು ಹೇಳಬೇಕು ಅಂತಲೇ ಬೆಳಗ್ಗಿನಿಂದ ಕಾಯುತ್ತಿದ್ದೇನೆ. ಬಂದ ನಾಲ್ಕನೇ ತಿಂಗಳೋ ಏನೋ, ನಮ್ಮ ಮನೆಗೆ ಅಡುಗೆಗೆ ಬರುವ ಹೆಂಗಸಿನ ಜೊತೆ ಮರ್ಕಾಟೋಗೆ ಹೋಗಿದ್ದೆ. ದೊಡ್ಡ ಸಂತೆ, ಅದರ ಅಂಕೆಯೇ ಸಿಗಲ್ಲ. ಕಾಳಿನ ಸಾಲಿನಲ್ಲಿ ಟೆಫ್ ರಾಶಿ ರಾಶಿ. ಇಲ್ಲಿಯವರ ದೋಸೆಯಂಥ ಇಂಜೆರಾ ಮಾಡೋದು ಅದರಿಂದಲೇ, ರಾಗಿಗಿಂತಲೂ ಸಣ್ಣ ಕಾಳು. ಅದರ ಪಕ್ಕ ಒಂದು ಚೀಲದ ಬಾಯಿ ಮಡಚಿ ಇಟ್ಟಿದ್ದರು. ಕೆಂಪು ಕಂದು ಬಣ್ಣ. ಕೈ ಹಾಕಿದೆ. ಬೆರಳ ಸಂದಿಯಿಂದ ಜಾರಿದ ರೀತಿಗೇ ಗೊತ್ತಾಯಿತು ಪುಟ್ಟಿ, ನೋಡುವುದೂ ಬೇಕಾಗಲಿಲ್ಲ. ರಾಗಿ! ಇಲ್ಲಿ ಅದಕ್ಕೆ ದಾಗುಸ್ಸಾ ಅನ್ನುತ್ತಾರೆ, ಮನೆಯಲ್ಲೇ ಮಾಡುವ ಟೆಲ್ಲಾ ಅನ್ನೋ ಬಿಯರಿಗೆ ಹಾಕುತ್ತಾರಂತೆ. ಎರಡು ಹೆಜ್ಜೆ ಆಚೆ ಕಪ್ಪಗೆ ಮಿನುಗುವ ಇನ್ನೊಂದು ಚೀಲ. ಹುಚ್ಚೆಳ್ಳು. ಇಲ್ಲಿಯ ಹೆಸರು ನೂಗ್.

ನಾನು ಸಂತೆಯ ಮಧ್ಯೆ ಸುಮ್ನೆ ನಿಂತುಬಿಟ್ಟೆ. ಹುಚ್ಚೆಳ್ಳಿನ ಸಸ್ಯಶಾಸ್ತ್ರದ ಹೆಸರು ಗಿಜೋಟಿಯಾ ಅಬಿಸಿನಿಕಾ. ಹಾಸನದಲ್ಲಿ ಆರು ವರ್ಷ ಅದನ್ನು ಬೋರ್ಡಿನ ಮೇಲೆ ಬರೆದು ಮಕ್ಕಳ ಕೈಲಿ ಹೇಳಿಸಿದ್ದೇನೆ. ಅಬಿಸಿನಿಯಾ ಅಂದರೆ ಇದೇ ದೇಶದ ಹಳೇ ಹೆಸರು. ರಾಗಿಯೂ ಅಷ್ಟೇ, ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನೆಲದಲ್ಲಿ ಮೊದಲು ಪಳಗಿ, ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದ ಬೆಳೆ. ಕಾಫಿಯಂತೂ ಸರಿಯೇ ಸರಿ. ಅಂದರೆ ನಿನ್ನ ಅಜ್ಜಿ ಮುದ್ದೆ ತಿರುವಿ, ಹುಚ್ಚೆಳ್ಳು ಚಟ್ನಿ ಅರೆದು, ಊಟ ಆದ ಮೇಲೆ ಅರ್ಧ ಲೋಟ ಕಾಫಿ ಕುಡಿಯುತ್ತಿದ್ದರಲ್ಲ, ಆ ತಟ್ಟೆಯೂ ಲೋಟವೂ ಇಲ್ಲಿಂದಲೇ ಹೊರಟಿದ್ದು. ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಅವತ್ತು ಕೈಗೆ ಗೊತ್ತಾಯಿತು.

ಎರಡು ಕೆಜಿ ತಂದು, ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಬೀಸಿಸಿದೆ. ಒಂದರಿ ಹಿಡಿದು ಎಸರಿಗೆ ಹಿಟ್ಟು ಬಿಟ್ಟೆ. ಇಲ್ಲಿನ ಕುದಿಗೆ ಮುದ್ದೆ ಬೇಗ ಬೇಯಲ್ಲ, ಹತ್ತು ನಿಮಿಷ ಜಾಸ್ತಿ ಮುಚ್ಚಿಟ್ಟು ಆಮೇಲೆ ಕೋಲಲ್ಲಿ ತಿರುವಿದೆ. ಅಡುಗೆಯಾಕೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ನಾನು ಉಂಡೆ ಕಟ್ಟಿ, ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು ಅಗಿಯಬಾರದು ಅಂತ ಸನ್ನೆ ಮಾಡಿ ಅವರ ಬಾಯಿಗೇ ಇಟ್ಟೆ. ಅವರು ನಕ್ಕು, ತಮ್ಮ ಡಬ್ಬಿಯ ಇಂಜೆರಾ ಹರಿದು, ಶಿರೋ ಅನ್ನೋ ಕಾಳು ಹಿಟ್ಟಿನ ಗೊಜ್ಜು ಸವರಿ ನನ್ನ ಬಾಯಿಗೆ ಇಟ್ಟರು. ಅದಕ್ಕೆ ಇಲ್ಲಿ ಗುರ್ಷಾ ಅಂತಾರೆ. ನಮ್ಮ ಕೈತುತ್ತೇ. ಈ ಊರಿನಲ್ಲಿ ನನ್ನ ಮೊದಲ ಗೆಳತಿ ಅವರು.

ಅದಾದ ಮೇಲೆ ಶನಿವಾರಗಳಲ್ಲಿ ಇಲ್ಲಿನ ಭಾರತೀಯ ಮನೆಗಳ ಮಕ್ಕಳನ್ನು ಕೂರಿಸಿಕೊಂಡು ಗಿಡ, ಬೀಜ ತೋರಿಸೋಕೆ ಶುರು ಮಾಡಿದೆ. ಈಗ ಎಂಟು ಮಕ್ಕಳು ಬರುತ್ತಾರೆ. ಕಾಸು ತಗೊಳ್ಳಲ್ಲ, ತಗೊಳ್ಳುವ ಹಾಗೂ ಇಲ್ಲ. ಮೊನ್ನೆ ಸೆಪ್ಟೆಂಬರ್ 11ಕ್ಕೆ ಇಲ್ಲಿ ಹೊಸ ವರ್ಷ. ಮಳೆ ಬಿಡುವ ಹೊತ್ತು. ಬೆಟ್ಟದ ಮೇಲೆಲ್ಲ 'ಅದೆಯ್ ಅಬೆಬಾ' ಅನ್ನೋ ಹಳದಿ ಹೂವು. ಹೆಣ್ಣುಮಕ್ಕಳು ಹೂ ಹಿಡಿದು ಮನೆ ಮನೆ ಬಾಗಿಲಿಗೆ ಹಾಡುತ್ತಾ ಬರುತ್ತಾರೆ. ನಮ್ಮ ಹುಚ್ಚೆಳ್ಳು ಹೊಲ ಹೂ ಬಿಟ್ಟ ಹಾಗೇ ಕಾಣುತ್ತೆ, ಎರಡೂ ಸೂರ್ಯಕಾಂತಿ ಕುಟುಂಬದವೇ. ಒಂದು ಹೂ ಬಿಡಿಸಿ ಮಕ್ಕಳಿಗೆ ತೋರಿಸುವಾಗ ನನ್ನ ದನಿ ಹಾಸನದ ಕ್ಲಾಸ್‌ರೂಮಿನ ದನಿಯೇ ಆಗಿತ್ತು. ರಾತ್ರಿ ನಿದ್ದೆ ಬರಲಿಲ್ಲ. ಸಂತೋಷಕ್ಕೂ ಹೌದು, ಬೇಜಾರಿಗೂ ಹೌದು.

ಇನ್ನೆರಡು ಮಾತು, ಬೇಗ ಹೇಳಿಬಿಡ್ತೀನಿ. ಅಜ್ಜಿ ಹೋದ ಸುದ್ದಿ ಬಂದಾಗ ಇಲ್ಲಿ ಬೆಳಗಿನ ಜಾವ ಮೂರು. ನಾನು ಹಾಸನ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಖ ಸಿಗಲಿಲ್ಲ. ದೂರ ಇರುವವರಿಗೆ ಇದು ತಪ್ಪಿದ್ದಲ್ಲ, ನೀನೂ ಮನಸ್ಸು ಗಟ್ಟಿ ಮಾಡ್ಕೋ. ಎರಡನೆಯದು, ತಾಷ್ಕೆಂಟಿನಲ್ಲಿ ನೀನು ಹೊಸ ಸ್ಕೂಲಿಗೆ ಹೋಗಲ್ಲ ಅಂತ ಚೋರ್ಸು ಸಂತೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ, ನೆನಪಿದೆಯಾ? ನಾನು ಗದರಿ ಎಳೆದುಕೊಂಡು ಬಂದೆ. ನಿನಗೆ ಆಗ ಎಂಟು ವರ್ಷ, ಅಷ್ಟರಲ್ಲೇ ಮೂರನೇ ಸ್ಕೂಲು. ಪಕ್ಕದಲ್ಲಿ ಕೂತು ನಾನೂ ಅಳಬೇಕಿತ್ತು. ತಪ್ಪಾಯಿತು ಕಂದ.

ನಿಮ್ಮಪ್ಪನ ಜೊತೆ ಈ ದೇಶಗಳನ್ನೆಲ್ಲ ನೋಡಿದ್ದಕ್ಕೆ ನನಗೆ ಖುಷಿಯಿದೆ, ಆ ಮನುಷ್ಯನ ಮೇಲೆ ದೂರಿಲ್ಲ. ನೀನೂ ಹೋಗು, ಖಂಡಿತ ಹೋಗು. ಆದರೆ ರಾಜೀನಾಮೆ ಕೊಡಬೇಡ, ಮೊದಲು ಒಂದು ವರ್ಷದ ರಜೆಗೆ ಅರ್ಜಿ ಹಾಕು. ನಿನ್ನ ಡಿಗ್ರಿ, ರಿಜಿಸ್ಟ್ರೇಷನ್, ಅನುಭವದ ಸರ್ಟಿಫಿಕೇಟ್ ಎಲ್ಲದರ ನಕಲು ಮಾಡಿಸಿ ಕೈಬ್ಯಾಗಿನಲ್ಲಿ ಇಟ್ಕೋ, ದೊಡ್ಡ ಸಾಮಾನಿನ ಜೊತೆ ಹಾಕಬೇಡ. ಹುಡುಗನ ಜೊತೆ ಅರಬ್ಬಿ ಪಾಠಕ್ಕೆ ನೀನೂ ಕೂತ್ಕೋ. ನೋವಿರುವ ಜಾಗ ತೋರಿಸಿ ಅನ್ನೋದನ್ನ ಅರಬ್ಬಿಯಲ್ಲಿ ಕೇಳೋದು ಮೊದಲ ವಾರವೇ ಕಲಿತುಬಿಡು.

ಭಾನುವಾರ ಫೋನ್ ಮಾಡು, ನಿಮ್ಮ ಮಧ್ಯಾಹ್ನ ಎರಡಕ್ಕೆ, ನಮಗೆ ಹನ್ನೊಂದೂವರೆ. ಆಸ್ಪತ್ರೆಯವರು ರಜೆಗೆ ಏನಂದರು ಅಂತ ಹೇಳಬೇಕು. ಮದುವೆಗೆ ಬರುವಾಗ ಒಂದು ಕೆಜಿ ದಾಗುಸ್ಸಾ ತರ್ತೀನಿ, ನಮ್ಮ ರಾಗಿ ಪಕ್ಕ ಇಟ್ಟು ನೋಡೋಣ.

ನಿನ್ನ ಅಮ್ಮ