ಬೇಸ್ ಗಿಟಾರಿಗೆ ಉದ್ದ ಬೆರಳೇ ಬೇಕು ಅಂತ ಯಾರು ಹೇಳಿದ್ದು?

ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ರಜೆಯಲ್ಲಿ ಮಕ್ಕಳು ಯಾವ ವಾದ್ಯ ಕಲಿಯಬಹುದು ಎಂದು ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ದಪ್ಪ ತಂತಿಯ, ತಗ್ಗು ದನಿಯ ಬೇಸ್ ಗಿಟಾರಿಗೂ ಒಂದು ಪ್ಯಾರಾ ಜಾಗ ಕೊಟ್ಟಿದ್ದೀರಿ, ಖುಷಿಯಾಯಿತು. ರಸಮಂಜರಿ ಸ್ಟೇಜಿನಲ್ಲಿ ಡ್ರಮ್ಸ್ ಪಕ್ಕ ಲೈಟ್ ಬೀಳದ ಜಾಗದಲ್ಲಿ ನಿಲ್ಲುವವರು ನಾವು. ಈಗಂತೂ ಎಷ್ಟೋ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡಿನವರ ಎಡಗೈಯೇ ಬೇಸ್ ಕೆಲಸವನ್ನೂ ಮುಗಿಸಿಬಿಡುತ್ತದೆ. ಅಂಥದ್ದರಲ್ಲಿ ನಮ್ಮ ವಾದ್ಯದ ಹೆಸರು ಪೇಪರಿನಲ್ಲಿ ಬಂದಿದ್ದೇ ದೊಡ್ಡದು. ಆದರೆ ಆ ಪ್ಯಾರಾದಲ್ಲಿ ಎರಡು ಮಾತಿತ್ತು. ಇದು ಉದ್ದ ಬೆರಳಿದ್ದವರಿಗೆ ಮಾತ್ರ ಒಗ್ಗುತ್ತದೆ ಎಂಬುದು ಒಂದು, ಮೊದಲು ಸ್ಪ್ರಿಂಗ್ ಹಿಡಿಕೆ ಹಿಚುಕಿ ಬೆರಳಿಗೆ ಬಲ ತಂದುಕೊಳ್ಳಬೇಕು ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಇವನ್ನು ನಂಬಿ ಎಷ್ಟೋ ಮಕ್ಕಳು ಶುರುವಿನಲ್ಲೇ ವಾದ್ಯ ಬಿಟ್ಟುಬಿಡುತ್ತಾರೆ, ಅದಕ್ಕೇ ಈ ಪತ್ರ.

ನಮ್ಮ ಬೀದಿಯಲ್ಲಿ ಹೈಸ್ಕೂಲ್ ಓದುವ ಒಬ್ಬ ಹುಡುಗಿ ಇದ್ದಾಳೆ. ಹಟ ಹಿಡಿದು ಬೇಸ್ ಕೊಡಿಸಿಕೊಂಡಳು, ಕ್ಲಾಸಿಗೂ ಸೇರಿದಳು. ಅಲ್ಲಿ ಅವಳ ಕೈ ನೋಡಿ, "ನಿನ್ನ ಬೆರಳು ಗಿಡ್ಡ, ಸುಮ್ನೆ ಯುಕುಲೆಲೆ ಕಲಿ" ಅಂದರಂತೆ (ಅದು ಪುಟ್ಟ ಗಿಟಾರಿನಂಥ ವಾದ್ಯ). ಅವಳಮ್ಮ ವಾದ್ಯ ಹೊತ್ತು ನಮ್ಮ ಮನೆಗೆ ಬಂದು, "ಅಣ್ಣಾ, ಇದನ್ನ ಮಾರಿಬಿಡೋಣ ಅಂತ, ಯಾರಾದ್ರೂ ತಗೋತಾರಾ?" ಎಂದು ಕೇಳಿದರು. ನಾನು ಹುಡುಗಿಯ ಕೈ ನೋಡುವ ಮೊದಲು ಬೇಸ್ ನೋಡಿದೆ. ನೆಕ್ ಅಂದರೆ ವಾದ್ಯದ ಉದ್ದ ಹಿಡಿಕೆ, ಅದರ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಕಂಬಿಗಳೇ ಫ್ರೆಟ್. ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು, ಮೊದಲ ಫ್ರೆಟ್ ಮೇಲೆ ತಂತಿಗೂ ಫ್ರೆಟ್ಟಿಗೂ ನಡುವೆ ಎಷ್ಟು ಸಂದು ಉಳಿಯುತ್ತದೆ ಎಂದು ಬಗ್ಗಿ ನೋಡಬೇಕು. ಕೂದಲೆಳೆಯಷ್ಟಿದ್ದರೆ ಸಾಕು. ಇವಳದರಲ್ಲಿ ವಿಸಿಟಿಂಗ್ ಕಾರ್ಡ್ ಮಡಚಿ ತೂರಿಸಬಹುದಿತ್ತು! ಅಂದರೆ ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಆ ಬಿಳಿ ಪಟ್ಟಿ, ಅದೇ ನಟ್, ಅದರ ಕಚ್ಚುಗಳನ್ನು ಫ್ಯಾಕ್ಟರಿಯಲ್ಲಿ ಸರಿಯಾಗಿ ಕೊರೆದೇ ಇಲ್ಲ. ಕಡಿಮೆ ಬೆಲೆಯ ಬೇಸ್‌ಗಳಲ್ಲಿ ಇದು ಮಾಮೂಲಿ. ಇಂಥ ವಾದ್ಯದಲ್ಲಿ ಮೊದಲ ಫ್ರೆಟ್ ಒತ್ತಬೇಕೆಂದರೆ ನನ್ನ ಕೈಯೂ ನೋಯುತ್ತದೆ. ಅದಕ್ಕೆ ಹುಡುಗಿಯ ಬೆರಳನ್ನು ದೂರಿದರೆ ಏನು ಬಂತು?

ರಿಪೇರಿಯವರ ಹತ್ತಿರ ಕೊಟ್ಟು ನಟ್ ಉಜ್ಜಿಸಿ, ಟ್ರಸ್ ರಾಡ್ ಸರಿಮಾಡಿಸಿ, ತಂತಿಯ ಇನ್ನೊಂದು ತುದಿ ಕೂರುವ ಬ್ರಿಡ್ಜ್ ಇಳಿಸಿದ ಮೇಲೆ ವಾದ್ಯವೇ ಬೇರೆಯಾಯಿತು. 12ನೇ ಫ್ರೆಟ್ ಹತ್ತಿರ ತಂತಿಯ ಎತ್ತರ ಸುಮಾರು 2ರಿಂದ 2.5 ಮಿ.ಮೀ. ಇದ್ದರೆ ಕಲಿಯುವವರಿಗೆ ಹಾಯಾಗಿರುತ್ತದೆ. ಟ್ರಸ್ ರಾಡ್ ಅಂದರೆ ನೆಕ್ಕಿನ ಒಳಗಿರುವ ಕಬ್ಬಿಣದ ಸಲಾಕೆ, ಆಲೆನ್ ಕೀಯಲ್ಲಿ ತಿರುಗಿಸುವುದು. ಮನೆಯಲ್ಲೇ ಮಾಡುವವರು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಮಳೆಗಾಲದ ತೇವಕ್ಕೆ ಮರ ಬಾಗುತ್ತದೆ. ಕರಾವಳಿಯವರಿಗೆ ಈ ಕೆಲಸ ವರ್ಷಕ್ಕೊಮ್ಮೆಗೆ ಮುಗಿಯುವುದಿಲ್ಲ.

ಈಗ ಬೆರಳಿನ ಉದ್ದದ ವಿಷಯಕ್ಕೆ ಬರುತ್ತೇನೆ. 1951ರಲ್ಲಿ ಲಿಯೋ ಫೆಂಡರ್ ಅಮೆರಿಕದಲ್ಲಿ ಪ್ರಿಸಿಷನ್ ಬೇಸ್ ತಂದಾಗ ಅದರ ಸ್ಕೇಲ್, ಅಂದರೆ ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಅಳತೆ, 34 ಇಂಚು. ಇವತ್ತಿಗೂ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಬೇಸ್‌ಗಳ ಅಳತೆ ಅದೇ. ಈ ಅಳತೆಯಲ್ಲಿ ಮೊದಲ ಫ್ರೆಟ್‌ನಿಂದ ನಾಲ್ಕನೆಯದಕ್ಕೆ ಸುಮಾರು 13 ಸೆಂ.ಮೀ. ಆಗುತ್ತದೆ. ಮಾಮೂಲಿ ಗಿಟಾರಿನಲ್ಲಿ ಅದು 10 ಸೆಂ.ಮೀ.ಗಿಂತ ಕಡಿಮೆ. ಒಂದು ಫ್ರೆಟ್ಟಿಗೆ ಒಂದು ಬೆರಳು ಎಂಬ ಪಾಠವನ್ನು ಗಿಟಾರಿನಿಂದ ಎತ್ತಿ ತಂದು ಬೇಸಿನ ಮೊದಲ ಫ್ರೆಟ್‌ನಲ್ಲಿ ಹೇರಿದರೆ ಯಾರ ಕೈಯಾದರೂ ಹರಿದುಹೋಗುತ್ತದೆ, ಅಲ್ವಾ? ಅದೇ ಬೇಸಿನಲ್ಲಿ ಐದನೇ ಫ್ರೆಟ್‌ನಿಂದ ಎಂಟಕ್ಕೆ 10 ಸೆಂ.ಮೀ. ಚಿಲ್ಲರೆ ಅಷ್ಟೇ. ಹಾಗಾಗಿ ಹೊಸಬರು ಅಲ್ಲಿಂದ ಶುರುಮಾಡಲಿ, ಅಲ್ಲಿ ಕೈ ಹಗುರವಾದ ಮೇಲೆ ಒಂದೊಂದೇ ಫ್ರೆಟ್ ಮೊದಲನೆಯದರ ಕಡೆಗೆ ಕೆಳಗಿಳಿಯಲಿ.

ಕೆಳಗಿಳಿದಾಗಲೂ ನಾಲ್ಕು ಬೆರಳನ್ನೂ ಎಳೆದು ಹರಡಲೇಬೇಕು ಅಂತೇನಿಲ್ಲ. ನಿಂತು ನುಡಿಸುವ ದೊಡ್ಡ ಡಬಲ್ ಬೇಸ್ ಇದೆಯಲ್ಲ, ಅದರ ತಂತಿ ಇನ್ನೂ ಉದ್ದ. 19ನೇ ಶತಮಾನದ ವಿಯೆನ್ನಾದಲ್ಲಿ ಫ್ರಾಂಜ್ ಸಿಮಾಂಡ್ಲ್ ಎಂಬ ಡಬಲ್ ಬೇಸ್ ಮೇಷ್ಟ್ರು ಕಲಿಸಿದ ಕ್ರಮದಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಇಷ್ಟೇ ಒತ್ತುವುದು. ಉಂಗುರಬೆರಳು ಕಿರುಬೆರಳಿನ ಜೊತೆಗೇ ಕೂತು ಅದಕ್ಕೆ ಆಸರೆ ಕೊಡುತ್ತದೆ. ಕೈ ಮೂರೇ ಫ್ರೆಟ್ ಅಗಲ ಹರಡುತ್ತದೆ, ನಾಲ್ಕನೆಯದು ಬೇಕಾದರೆ ಇಡೀ ಕೈಯೇ ಜರುಗುತ್ತದೆ. ಬೇಸ್ ಗಿಟಾರಿನ ತಗ್ಗು ಫ್ರೆಟ್‌ಗಳಿಗೆ ಇದು ಹೇಳಿಮಾಡಿಸಿದ ಹಾಗಿದೆ. ನಮ್ಮ ವೀಣೆಯವರನ್ನೇ ನೋಡಿ. ಅಷ್ಟುದ್ದದ ವಾದ್ಯದಲ್ಲಿ ಎಡಗೈಯ ತೋರುಬೆರಳು, ನಡುಬೆರಳು ಎರಡರಲ್ಲೇ ಬಹುತೇಕ ಕೆಲಸ ನಡೆಯುತ್ತದೆ. ಅವರು ಬೆರಳು ಚಾಚುವುದಿಲ್ಲ, ಕೈ ಸರಿಸುತ್ತಾರೆ. ಬೆರಳು ಗಿಡ್ಡ ಅಂತ ವೀಣೆ ಕ್ಲಾಸಿನಿಂದ ಯಾರನ್ನಾದರೂ ವಾಪಸ್ ಕಳಿಸಿದ್ದು ನಾನಂತೂ ಕೇಳಿಲ್ಲ.

ಇನ್ನೊಂದು ವಿಷಯ. ನಾವು ಗಣೇಶನ ಪೆಂಡಾಲಿನಲ್ಲೋ ರಾಜ್ಯೋತ್ಸವದಲ್ಲೋ ನುಡಿಸುವ ಹಾಡುಗಳ ಬೇಸ್ ಬಹುಪಾಲು ಷಡ್ಜ, ಪಂಚಮ, ಮೇಲಿನ ಷಡ್ಜ ಇಷ್ಟರಲ್ಲೇ ಓಡಾಡುತ್ತಿರುತ್ತದೆ. ಈ ಮೂರೂ ಎರಡು ಫ್ರೆಟ್ ಅಂತರದೊಳಗೆ ಸಿಗುತ್ತವೆ. ಎಲ್ಲಕ್ಕಿಂತ ದಪ್ಪದ ಇ ತಂತಿಯ ಮೇಲೆ ತೋರುಬೆರಳಿಟ್ಟರೆ ಎರಡು ಫ್ರೆಟ್ ಮುಂದೆ ಎ ತಂತಿಯಲ್ಲಿ ಪಂಚಮ, ಅದೇ ನೇರಕ್ಕೆ ಡಿ ತಂತಿಯಲ್ಲಿ ಮೇಲಿನ ಷಡ್ಜ. ಇದಕ್ಕೆ ಎಷ್ಟು ಉದ್ದದ ಬೆರಳು ಬೇಕು ಹೇಳಿ!

ಇನ್ನು ಬಲದ ಮಾತು. ಬೆರಳನ್ನು ಮಡಚುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿ ಇರುವುದೇ ಇಲ್ಲ. ಅವು ಮೊಣಕೈ ಕೆಳಗೆ, ಮುಂಗೈಯಲ್ಲಿವೆ. ಅಲ್ಲಿಂದ ಹಗ್ಗದ ಹಾಗೆ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳಿಗೆ ಹೋಗುತ್ತವೆ. ಮಣಿಕಟ್ಟು ನೇರವಾಗಿದ್ದರೆ ಅವು ಸಲೀಸಾಗಿ ಎಳೆಯುತ್ತವೆ, ಮುದುರಿದ್ದರೆ ಬಲ ಅರ್ಧಕ್ಕೇ ಸೋರಿಹೋಗುತ್ತದೆ. ಬೇಕಿದ್ದರೆ ಈಗಲೇ ಮಣಿಕಟ್ಟನ್ನು ಒಳಕ್ಕೆ ಪೂರ್ತಿ ಬಗ್ಗಿಸಿ ಮುಷ್ಟಿ ಬಿಗಿದು ನೋಡಿ, ಬಿಗಿಯಾಗುವುದೇ ಇಲ್ಲ. ಬೇಸನ್ನು ಮೊಣಕಾಲಿನ ತನಕ ಇಳಿಬಿಟ್ಟು ನಿಲ್ಲುವ ಹುಡುಗರ ಮಣಿಕಟ್ಟು ಇಡೀ ಕಾರ್ಯಕ್ರಮದುದ್ದಕ್ಕೂ ಹೀಗೇ ಮುದುರಿರುತ್ತದೆ. ನೋಡಲು ಸ್ಟೈಲ್, ಒಪ್ಪುತ್ತೇನೆ. ಕೂತಾಗ ವಾದ್ಯ ಎಷ್ಟು ಎತ್ತರದಲ್ಲಿರುತ್ತದೋ ನಿಂತಾಗಲೂ ಅಷ್ಟೇ ಎತ್ತರಕ್ಕೆ ಬರುವ ಹಾಗೆ ಹೆಗಲ ಪಟ್ಟಿ ಬಿಗಿಮಾಡಿ, ನೆಕ್ಕಿನ ತುದಿಯನ್ನು ಸ್ವಲ್ಪ ಮೇಲೆತ್ತಿ ಹಿಡಿದರೆ ಎಡಗೈ ತಾನಾಗಿ ಹತ್ತಿರ ಬರುತ್ತದೆ, ಮಣಿಕಟ್ಟೂ ನೇರವಾಗುತ್ತದೆ. ಇಷ್ಟಕ್ಕೇ ಅರ್ಧ ಫ್ರೆಟ್‌ನಷ್ಟು ಚಾಚು ಜಾಸ್ತಿ ಸಿಕ್ಕಿದ ಹಾಗೆ ಅನಿಸುತ್ತದೆ.

ಸ್ಪ್ರಿಂಗ್ ಹಿಡಿಕೆ ಹಿಚುಕಿದರೆ ನಾಲ್ಕೂ ಬೆರಳು ಒಟ್ಟಿಗೆ ಮುಚ್ಚುವುದನ್ನು ಕಲಿಯುತ್ತವೆ. ನಮಗೆ ಬೇಕಿರುವುದು ಒಂದು ಬೆರಳು ಒತ್ತುವಾಗ ಉಳಿದ ಮೂರು ಸಡಿಲವಾಗಿರುವುದು. ಎರಡೂ ಪೂರ್ತಿ ಉಲ್ಟಾ. 1830ರ ದಶಕದಲ್ಲಿ ಜರ್ಮನಿಯ ಸಂಗೀತ ರಚನಕಾರ ರಾಬರ್ಟ್ ಶೂಮನ್ ಪಿಯಾನೋ ವಾದಕನಾಗಬೇಕೆಂದಿದ್ದವನು ಬಲಗೈ ಬೆರಳು ಕೆಟ್ಟು ಆ ಆಸೆ ಬಿಟ್ಟ. ಬೆರಳಿಗೆ ಬಲ ಬರಲೆಂದು ಒಂದು ಯಂತ್ರ ಕಟ್ಟಿಕೊಳ್ಳುತ್ತಿದ್ದನಂತೆ. ಅದೇ ಕಾರಣವೋ ಬೇರೆಯದೋ ಎಂದು ಇವತ್ತಿಗೂ ಚರ್ಚೆ ಇದೆ, ಆದರೆ ಉಪಕರಣ ಕೊಳ್ಳಲು ಓಡುವವರು ಈ ಕಥೆಯನ್ನು ತಲೆಯಲ್ಲಿಟ್ಟುಕೊಂಡರೆ ನಷ್ಟವೇನಿಲ್ಲ.

ನಿಜವಾಗಿ ಎಷ್ಟು ಬಲ ಬೇಕು ಎಂದು ನೀವೇ ಅಳೆಯಬಹುದು. ಎಡಗೈ ಬೆರಳನ್ನು ತಂತಿಯ ಮೇಲೆ ಸುಮ್ನೆ ಇಟ್ಟು, ಒತ್ತದೆ, ಬಲಗೈಯಲ್ಲಿ ಮೀಟುತ್ತಾ ಇರಿ. ಮೊದಲು ಟಪ್ ಟಪ್ ಎಂದು ಸತ್ತ ಸದ್ದು ಬರುತ್ತದೆ. ನಿಧಾನವಾಗಿ ಒತ್ತುತ್ತಾ ಹೋದರೆ ಜುಮ್ ಎಂದು ಕರಕರ ಕೇಳಿ, ಆಮೇಲೆ ಸ್ವರ ಸ್ವಚ್ಛವಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಅಷ್ಟೇ ಬೇಕಾದ ಬಲ, ಅದರ ಮೇಲೆ ಒತ್ತುವುದೆಲ್ಲ ದಂಡ. ಇದನ್ನೇ ಎರಡು ಫ್ರೆಟ್‌ಗಳ ನಡುಮಧ್ಯೆ ಒಮ್ಮೆ, ಮುಂದಿನ ಫ್ರೆಟ್ ಕಂಬಿಗೆ ತಾಗಿದಂತೆ ಇನ್ನೊಮ್ಮೆ ಮಾಡಿ ನೋಡಿ. ಕಂಬಿಯ ಪಕ್ಕದಲ್ಲಿ ತೀರಾ ಕಡಿಮೆ ಒತ್ತಿದರೂ ಸಾಕಾಗುತ್ತದೆ. ಆಮೇಲೆ ಹೆಬ್ಬೆರಳನ್ನು ನೆಕ್ಕಿನಿಂದ ಪೂರ್ತಿ ತೆಗೆದು, ತೋಳಿನ ಭಾರದಲ್ಲೇ ತಂತಿಯನ್ನು ಹಿಂದಕ್ಕೆ ಎಳೆದು ನುಡಿಸಿ. ನುಡಿಸಲು ಬರುತ್ತದೆ! ಹೆಬ್ಬೆರಳಿನಿಂದ ಇಕ್ಕಳದ ಹಾಗೆ ಹಿಂಡಬೇಕಾಗಿಲ್ಲ ಎಂಬುದು ಆಗ ಕೈಗೇ ಗೊತ್ತಾಗುತ್ತದೆ.

ಅಭ್ಯಾಸ ಅಂದರೆ ನಿಧಾನ. ತಾಳ ಹಾಕುವ ಮೆಟ್ರೊನೋಮ್ ಯಂತ್ರವನ್ನು ನಿಮಿಷಕ್ಕೆ 60 ಬಡಿತಕ್ಕಿಟ್ಟು, ಐದನೇ ಫ್ರೆಟ್‌ನಿಂದ ಒಂದೊಂದು ಬಡಿತಕ್ಕೆ ಒಂದೊಂದು ಬೆರಳು, ಒಂದು ತಂತಿ ಮುಗಿಸಿ ಮುಂದಿನ ತಂತಿಗೆ. ಎತ್ತಿದ ಬೆರಳು ತಂತಿಯಿಂದ ದೂರ ಹಾರಬಾರದು, ಅದರ ಮೇಲೇ ತೇಲುತ್ತಿರಬೇಕು. ಉಂಗುರಬೆರಳು, ಕಿರುಬೆರಳು ಶುರುವಿನಲ್ಲಿ ಮಾತು ಕೇಳುವುದಿಲ್ಲ. ಉಂಗುರಬೆರಳಿನ ಎಳೆಗಳು ಪಕ್ಕದ ಬೆರಳುಗಳ ಎಳೆಗಳಿಗೆ ಅಂಗೈ ಹಿಂಬದಿಯಲ್ಲಿ ತಗುಲಿಕೊಂಡಿವೆ, ಹುಟ್ಟಿನಿಂದಲೇ ಹಾಗೆ. ಜಗ್ಗಿ ಬಿಡಿಸಲು ಹೋಗಬೇಡಿ. ಇನ್ನೊಂದು ಕೈಯಿಂದ ಬೆರಳು ಹಿಡಿದು ಹಿಂದಕ್ಕೆ ಬಗ್ಗಿಸುವ ಕಸರತ್ತು ಈಗ ವಿಡಿಯೋಗಳಲ್ಲಿ ಬಹಳ ಓಡುತ್ತಿದೆ, ಅದಂತೂ ಬೇಡವೇ ಬೇಡ. ದಿನಕ್ಕೆ ಹತ್ತು ಹದಿನೈದು ನಿಮಿಷದ ಹಾಗೆ ಎರಡು ಮೂರು ಸಲ ಕೂತರೆ, ಭಾನುವಾರ ಒಂದೇ ಸಲ ಮೂರು ಗಂಟೆ ಬಡಿಯುವುದಕ್ಕಿಂತ ಚೆನ್ನಾಗಿ ಬರುತ್ತದೆ.

ಬಲಗೈಗೂ ಇದೇ ಮಾತು. ಕಲಿಯುವ ಮಕ್ಕಳಲ್ಲಿ ಎಷ್ಟೋ ಜನರಿಗೆ ಆಂಪ್ಲಿಫೈಯರ್ ಇರುವುದಿಲ್ಲ. ಸದ್ದು ಕೇಳಲೆಂದು ತಂತಿಯನ್ನು ಕಿತ್ತು ಕಿತ್ತು ಮೀಟುತ್ತಾರೆ, ಬಲಗೈ ಬಿಗಿಯಾದ ಹಾಗೆ ಎಡಗೈಯೂ ಬಿಗಿಯಾಗುತ್ತದೆ. ಒಂದು ಸಣ್ಣ ಹೆಡ್‌ಫೋನ್ ಆಂಪ್ ಸಿಕ್ಕಿದರೂ ಸಾಕು. ದನಿ ಏರಿಸಿ, ಕೈ ಇಳಿಸಿ. ಸ್ಟೇಜಿನಲ್ಲಿ ನಮ್ಮ ಗೋಳೂ ಇದೇ. ನಮಗೆ ಕೇಳಲೆಂದು ನಮ್ಮ ಕಡೆ ತಿರುಗಿಸಿಟ್ಟ ಸ್ಪೀಕರೇ ಮಾನಿಟರ್. ಮಾನಿಟರ್‌ನಲ್ಲಿ ಬೇಸ್ ಕೇಳದಿದ್ದರೆ ಎರಡನೇ ಹಾಡಿಗೇ ಮುಂಗೈ ಕಲ್ಲಾಗುತ್ತದೆ. ಸೌಂಡ್‌ನವರನ್ನು ಕೇಳಿದರೆ "ಹೊರಗಡೆ ಚೆನ್ನಾಗಿ ಕೇಳ್ತಿದೆ ಸಾರ್" ಅನ್ನುತ್ತಾರೆ! ಅಮೆರಿಕದ ಮೋಟೌನ್ ಕಂಪನಿಯ ಎಷ್ಟೋ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ದಪ್ಪ ತಂತಿ ಹಾಕಿ, ಅದನ್ನು ಎತ್ತರದಲ್ಲೇ ಇಟ್ಟುಕೊಂಡು ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು, ನಿಜ. ಆದರೆ ಅವರು ಮೊದಲು ಡಬಲ್ ಬೇಸ್ ನುಡಿಸಿ ಬೆಳೆದವರು. ಅದನ್ನು ನೋಡಿ ಹೊಸಬರು ದಪ್ಪ ತಂತಿ ಹಾಕಿಸಬೇಕಿಲ್ಲ, ತೆಳುವಿನ ಸೆಟ್ ಸಾಕು.

ನೋವಿನ ಬಗ್ಗೆ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಬೆರಳ ತುದಿ ಉರಿಯುವುದು, ಆಮೇಲೆ ಜಡ್ಡುಗಟ್ಟುವುದು ಸಹಜ. ಗುಳ್ಳೆ ಎದ್ದರೆ ಒಡೆಯಬೇಡಿ, ಆರುವ ತನಕ ಬಿಡಿ. ಮುಂಗೈ ಸುಸ್ತಾಗಿ, ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ ಅಂದರೆ ಅದೂ ಪರವಾಗಿಲ್ಲ. ಆದರೆ ಮಣಿಕಟ್ಟಿನಲ್ಲಿ ಚುಚ್ಚುವ ನೋವು, ರಾತ್ರಿ ಮಲಗಿದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದು, ಲೋಟ ಹಿಡಿದರೆ ಜಾರುವುದು, ಇವು ಬೇರೆ ಜಾತಿಯವು. ಮಣಿಕಟ್ಟಿನಲ್ಲಿ ಹಾಯುವ ನರ ಒತ್ತಿಹೋಗುತ್ತಿರಬಹುದು. ನುಡಿಸುವುದು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. "ನೋವು ತಿಂದರೇ ವಿದ್ಯೆ" ಎಂದು ಹೇಳುವ ಮೇಷ್ಟ್ರ ಮಾತನ್ನು ಈ ವಿಷಯದಲ್ಲಿ ಕೇಳಬೇಡಿ.

ಕೈ ನಿಜವಾಗಿಯೂ ಚಿಕ್ಕದಿದ್ದರೆ? ಅದಕ್ಕೂ ದಾರಿ ಇದೆ. 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್‌ಗಳಿವೆ. ಇವು ಮಕ್ಕಳ ಆಟಿಕೆಯಲ್ಲ, ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಹಿಡಿಯುವ ಆ ಪಿಟೀಲಿನಾಕಾರದ ಹಾಫ್ನರ್ ಇದೇ ಅಳತೆಯದು. ಅದು ಸಿಗದಿದ್ದರೆ ಮನೆಯಲ್ಲಿರುವ 34 ಇಂಚಿನ ಬೇಸಿಗೇ ಎರಡನೇ ಫ್ರೆಟ್‌ನಲ್ಲಿ ಗಟ್ಟಿಯಾದ ಕೇಪೋ, ಅಂದರೆ ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್, ಹಾಕಿ. ಉಳಿಯುವ ತಂತಿ 30 ಇಂಚಿಗೆ ಚೂರು ಜಾಸ್ತಿ ಅಷ್ಟೇ! ಶ್ರುತಿ ಒಂದು ಸ್ವರ ಮೇಲೇರುತ್ತದೆ, ಅಭ್ಯಾಸಕ್ಕೆ ಅದರಿಂದ ತೊಂದರೆಯಿಲ್ಲ. ಕೈ ಪಳಗಿದ ಹಾಗೆ ಕೇಪೋವನ್ನು ಒಂದನೇ ಫ್ರೆಟ್ಟಿಗೆ ತಂದು, ಆಮೇಲೆ ತೆಗೆದುಬಿಡಬಹುದು. ಮುಂಬೈಯ ಬೇಸ್ ವಾದಕಿ ಮೋಹಿನಿ ಡೇ ಚಿಕ್ಕ ಮಗುವಾಗಿದ್ದಾಗಲೇ ಅಪ್ಪನಿಂದ ಬೇಸ್ ಕಲಿಯಲು ಶುರುಮಾಡಿದವರು. ಆ ವಯಸ್ಸಿನಲ್ಲಿ ಯಾರ ಬೆರಳು ತಾನೇ ಉದ್ದ ಇರುತ್ತದೆ?

ಕೊನೆಗೆ ನಮ್ಮ ಕಡೆಯ ವಾದ್ಯದ ಅಂಗಡಿಯವರಿಗೆ ಒಂದು ಮಾತು. ಇಲ್ಲಿ 30 ಇಂಚಿನ ಬೇಸ್ ಕೇಳಿದರೆ "ಬೆಂಗಳೂರಿಂದ ತರಿಸಬೇಕು, ಪೂರ್ತಿ ದುಡ್ಡು ಮೊದಲೇ ಕೊಡಿ" ಅನ್ನುತ್ತಾರೆ. ಹಿಡಿದು ನೋಡದೆ ಯಾವ ತಂದೆ ತಾಯಿ ದುಡ್ಡು ಕೊಡುತ್ತಾರೆ? ಒಂದಾದರೂ ಅಂಗಡಿಯಲ್ಲಿ ನೇತುಹಾಕಿ. ಮತ್ತೆ ಯಾವ ಬೇಸ್ ಮಾರಿದರೂ ಡಬ್ಬಿಯಿಂದ ತೆಗೆದು ಹಾಗೇ ಕೊಡದೆ, ನಟ್ ಮತ್ತು ತಂತಿಯ ಎತ್ತರ ಸರಿಮಾಡಿಸಿ ಕೊಡಿ. ಅದರ ಖರ್ಚನ್ನು ಬಿಲ್ಲಿನಲ್ಲೇ ಸೇರಿಸಿದರೂ ಯಾರೂ ಬೇಡ ಅನ್ನುವುದಿಲ್ಲ.

— ಆರ್ಕೆಸ್ಟ್ರಾದ ಒಬ್ಬ ಬೇಸ್ ವಾದಕ, ದಾವಣಗೆರೆ